ಲಗ್ನಪತ್ರಿಕೆಯ ಪ್ರಯಾಣ, ಗಾಡಿಯ ದೀಪಗಳು



ತಮ್ಮನ ಮಗಳ ವಿವಾಹವು ಮಾಘಮಾಸದಲ್ಲಿ ನಿಶ್ಚಯವಾಗಿದ್ದಿತು. ಸಂಕ್ರಾಂತಿ ಕಳೆದ ಎರಡನೆಯ ವಾರದಲ್ಲಿ ಲಗ್ನಪತ್ರಿಕೆಗಳ ಕಟ್ಟನ್ನು ಹಿಡಿದು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ಬಂಧುಗಳ ಮನೆಗಳಿಗೆ ಹೋಗಿಬರುವ ಕರ್ತವ್ಯ ನಮ್ಮ ಪಾಲಿಗೆ ಬಂದಿತು. ಅಂಚೆಯಲ್ಲಿ ಪತ್ರಿಕೆ ಕಳುಹಿಸಿದರೆ ಕರೆದಂತಾಗುವುದಿಲ್ಲ. ಮನೆಯ ಹಿರಿಯರು ಬಂದು ಅರಿಸಿನ ಕುಂಕುಮವಿತ್ತು ಬಾಯಿತುಂಬ ಕರೆದರೆ ಮಾತ್ರ ಅದು ಕರೆ ಎಂಬುದು ನಮ್ಮ ಕಡೆಯ ಪದ್ಧತಿ. ತಮ್ಮ, ತಮ್ಮನ ಹೆಂಡತಿ, ನಮ್ಮ ಮನೆಯವರು, ನಾವು, ಇಬ್ಬರು ಮೊಮ್ಮಕ್ಕಳು, ಗಾಡಿ ನಡೆಸುವುದಕ್ಕೆ ತಮ್ಮನ ಮಗ, ಹೀಗೆ ಏಳು ಜನ. ಮನೆಯಲ್ಲಿರುವುದು ಏಳು ಜನ ಕೂರಬಹುದಾದ ಎತ್ತರದ ಗಾಡಿ. ಈಗಿನವರು ಅದನ್ನು ಎಸ್‌ಯುವಿ ಎನ್ನುತ್ತಾರೆ.

ನಮಗೆ ವಾಹನ ನಡೆಸಲು ಬಾರದು. ಆದರೆ ದೀಪದ ವಿಷಯದಲ್ಲಿ ನಾವು ತೀರ ಅಜ್ಞರಲ್ಲ. ಬಾಲ್ಯದಲ್ಲಿ ಮಠದಲ್ಲಿ ಓದುತ್ತಿದ್ದಾಗ ವಿದ್ಯುತ್ತು ಇದ್ದರೂ ಇರುವ ಗಳಿಗೆಗಿಂತ ಹೋಗುವ ಗಳಿಗೆಯೇ ಹೆಚ್ಚು. ಸಂಜೆಯಾಗುತ್ತಲೇ ಲಾಟೀನುಗಳ ಗಾಜನ್ನು ಬೂದಿ ಹಾಕಿ ತಿಕ್ಕಿ, ಒಣಬಟ್ಟೆಯಿಂದ ಒರೆಸಿ, ಬತ್ತಿಯನ್ನು ಕತ್ತರಿಸಿ ಸಮಮಾಡಿ ಇಡುವುದು ನಮ್ಮ ಸರದಿಯ ಕೆಲಸವಾಗಿತ್ತು. ಎಣ್ಣೆ ಇದ್ದರಷ್ಟೇ ಸಾಲದು, ಗಾಜು ಶುದ್ಧವಾಗಿರಬೇಕು, ಬತ್ತಿ ನೇರವಾಗಿರಬೇಕು ಎಂಬುದನ್ನು ಆ ಕೈಕೆಲಸವೇ ಕಲಿಸಿತು. ಐವತ್ತು ವರ್ಷಗಳ ಮೇಲೆ ಆ ಪಾಠವನ್ನು ಮಂಡ್ಯ ಜಿಲ್ಲೆಯ ರಸ್ತೆಯ ಮೇಲೆ ಮತ್ತೊಮ್ಮೆ ಕಲಿಯಬೇಕಾಗುವುದೆಂದು ಆಗ ಯಾರು ಬಲ್ಲರು? ಈ ಎರಡು ದಿನಗಳ ಪ್ರಯಾಣದಲ್ಲಿ ಕಂಡುದನ್ನೂ ಕಲಿತುದನ್ನೂ ಇಲ್ಲಿ ನಿವೇದಿಸುತ್ತೇವೆ. ಇಂತಹ ಗಾಡಿ ಇಂದು ಅನೇಕರ ಮನೆಯ ಮುಂದೆ ನಿಂತಿದೆಯಾದ್ದರಿಂದ ಇದು ಉಪಯೋಗಕ್ಕೆ ಬಾರದೆ ಹೋಗದು.

ಬೆಳಗಿನ ಐದೂವರೆಗೆ ಮೈಸೂರನ್ನು ಬಿಟ್ಟೆವು. ಶ್ರೀರಂಗಪಟ್ಟಣ ಅಲ್ಲಿಂದ ಸುಮಾರು 15 ಕಿಲೋಮೀಟರು. ಕಾವೇರಿಯು ಎರಡಾಗಿ ಒಡೆದು ಆ ಊರನ್ನು ದ್ವೀಪ ಮಾಡಿರುವುದರಿಂದ ಚಳಿಗಾಲದ ಮುಂಜಾನೆಗಳಲ್ಲಿ ನದಿಯ ಮೇಲಿಂದ ಎದ್ದ ಮಂಜು ಸುತ್ತಲಿನ ಗದ್ದೆಬಯಲನ್ನೆಲ್ಲ ಆವರಿಸಿಕೊಂಡಿರುತ್ತದೆ. ಅಂದೂ ಹಾಗೆಯೇ ಇದ್ದಿತು. ಹತ್ತು ಮಾರು ಮುಂದೆ ಏನಿದೆಯೆಂಬುದೇ ತಿಳಿಯದು. ಹುಡುಗನು ದೀಪವನ್ನು ಎತ್ತರಕ್ಕೆ ಹಾಯಿಸಿದನು. ಎತ್ತರಿಸಿದಷ್ಟೂ ಎದುರಿಗೆ ಬಿಳಿಯ ಗೋಡೆ ಕಟ್ಟಿದಂತಾಯಿತೇ ವಿನಾ ರಸ್ತೆ ಕಾಣಿಸಲಿಲ್ಲ. ಮಂಜೆಂಬುದು ಸೂಕ್ಷ್ಮವಾದ ನೀರಿನ ಹನಿಗಳ ರಾಶಿ; ಮೇಲಕ್ಕೆ ಚೆಲ್ಲಿದ ಬೆಳಕನ್ನು ಆ ಹನಿಗಳು ನಮ್ಮ ಕಣ್ಣಿಗೇ ಹಿಂದಿರುಗಿಸುತ್ತವೆ. ದೀಪವನ್ನು ತಗ್ಗಿಸಿದ ಮೇಲೆ ರಸ್ತೆಯ ಅಂಚಿನ ಬಿಳಿಗೆರೆಯಾದರೂ ಕಂಡಿತು. ಬಂಪರಿನ ಬಳಿ ಕೆಳಮಟ್ಟದಲ್ಲಿ ಮಂಜಿನ ದೀಪಗಳನ್ನು ಇಟ್ಟಿರುವುದರ ಮರ್ಮವೂ ಇದೇ. ನಮ್ಮ ಮುಂದೆ ಹೋಗುತ್ತಿದ್ದ ಕಾರೊಂದು ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸುತ್ತ ಓಡುತ್ತಿತ್ತು. ಅದನ್ನು ಮಂಜಿಗೆ ಪರಿಹಾರವೆಂದು ಅನೇಕರು ಭಾವಿಸಿದ್ದಾರೆ. ಅದು ನಿಂತ ಗಾಡಿಯ ಸಂಕೇತ. ಓಡುವಾಗ ಹಾಕಿದರೆ ಹಿಂದಿನವನಿಗೆ ಈ ಗಾಡಿ ನಿಂತಿದೆಯೋ, ಹೋಗುತ್ತಿದೆಯೋ, ಎಡಕ್ಕೆ ತಿರುಗುವುದೋ, ಬಲಕ್ಕೋ, ಯಾವುದೂ ತಿಳಿಯುವುದಿಲ್ಲ.

ಶ್ರೀರಂಗಪಟ್ಟಣದ ಹಳೆಯ ಕೋಟೆಯ ಬಾಗಿಲನ್ನು ಹೊಕ್ಕಾಗ ಮಂಜು ಹರಿಯತೊಡಗಿತ್ತು. 1799ರ ಮೇ 4ರಂದು ಈ ಕೋಟೆ ಬಿದ್ದಿತು. 1784ರಲ್ಲಿ ಕಟ್ಟಿದ ದರಿಯಾದೌಲತ್ತಿನ ಗೋಡೆಗಳ ಮೇಲೆ ಅದಕ್ಕೂ ಹಿಂದಿನ ಯುದ್ಧಗಳ ಚಿತ್ರಗಳಿವೆ. 1804ರಲ್ಲಿ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಕಂಬಗಳು ಇಂದಿಗೂ ಕಾವೇರಿಯಲ್ಲಿ ನಿಂತಿವೆ. ಮಕ್ಕಳಿಗೆ ಇವನ್ನೆಲ್ಲ ತೋರಿಸಿ, ರಂಗನಾಥಸ್ವಾಮಿಯ ದೇಗುಲದ ಮುಂದಿನ ಬೀದಿಯಿಂದ ಹಾದು ಬಂಧುಗಳ ಮನೆ ಸೇರಿದೆವು. ಪತ್ರಿಕೆ ಕೊಟ್ಟು ಪ್ರಸಾದ ಸ್ವೀಕರಿಸಿ ಹೊರಗೆ ಬಂದಾಗ ಮೊಮ್ಮಗನು, “ತಾತ, ನಮ್ಮ ಗಾಡಿಯ ಕಣ್ಣಿನಲ್ಲಿ ನೀರು ಬಂದಿದೆ” ಎಂದನು. ನೋಡಿದರೆ ನಿಜವೇ. ಬಲಗಡೆಯ ಹೆಡ್‌ಲೈಟಿನ ಗಾಜಿನ ಒಳಮೈಯಲ್ಲಿ ಹನಿಗಳು ಕಟ್ಟಿದ್ದವು.

ಇದರಲ್ಲಿ ಎರಡು ಬಗೆಯುಂಟೆಂದು ಆಮೇಲೆ ತಿಳಿಯಿತು. ದೀಪದ ಮನೆಗೆ ಗಾಳಿಯಾಡಲು ಹಿಂಭಾಗದಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಚಳಿಯ ಬೆಳಗಿನಲ್ಲಿ ಒಳಗಿನ ತೇವವು ಗಾಜಿನ ಮೇಲೆ ಉಸಿರಾಡಿದಂತೆ ತೆಳುವಾಗಿ ಮಸುಕು ಕಟ್ಟಿ, ದೀಪ ಉರಿದು ಬಿಸಿಯಾದಾಗ ತಾನಾಗಿಯೇ ಮಾಯವಾದರೆ ಅದು ದೋಷವಲ್ಲ. ಹನಿಗಳು ದಪ್ಪವಾಗಿ ಕೆಳಗೆ ನೀರು ನಿಂತರೆ ಮಾತ್ರ ಅಂಟು ಬಿಟ್ಟಿದೆ, ಗಾಜು ಸೀಳಿದೆ, ಅಥವಾ ಹಿಂದಿನ ರಬ್ಬರಿನ ಮುಚ್ಚಳ ಸರಿಯಾಗಿ ಕೂತಿಲ್ಲ ಎಂದು ತಿಳಿಯಬೇಕು. ನಮ್ಮ ಗಾಡಿಯಲ್ಲಿ ಮುಚ್ಚಳವೇ ಓರೆಯಾಗಿತ್ತು. ಅದರ ಮೇಲೆ ಹಿಂದಿನ ದಿನ ಜೋರಾದ ಪಂಪಿನ ನೀರಿನಲ್ಲಿ ಗಾಡಿ ತೊಳೆಸಿದ್ದರು. ಮುಚ್ಚಳವನ್ನು ತೆಗೆದು, ಬಿಸಿಲಿಗೆ ಒಂದು ಗಂಟೆ ಗಾಡಿಯನ್ನು ಮುಖಮಾಡಿ ನಿಲ್ಲಿಸಿ, ಒಣಗಿದ ಮೇಲೆ ಸರಿಯಾಗಿ ಒತ್ತಿ ಕೂರಿಸಿದ್ದಾಯಿತು. ನೀರು ಒಳಗೇ ನಿಂತರೆ ಒಳಗಿನ ಬೆಳ್ಳಿಬಣ್ಣದ ಪ್ರತಿಫಲಕ ಮಂಕಾಗುತ್ತದೆ. ಆಮೇಲೆ ಎಂತಹ ಬಲ್ಬು ಹಾಕಿದರೂ ಪ್ರಯೋಜನವಿಲ್ಲ.

ಅಲ್ಲಿಂದ ಪಾಂಡವಪುರದ ದಾರಿ ಹಿಡಿದೆವು. ಹಿರೋಡೆ ಎಂಬುದು ಆ ಊರಿನ ಹಳೆಯ ಹೆಸರು. ಹೈದರ್, ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ತಂಗಿದ್ದರಿಂದ ಆಂಗ್ಲರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಈಗ ಕುಂತಿಬೆಟ್ಟದ ಕಥೆಗೆ ಒಪ್ಪುವ ಹೆಸರು ನಿಂತಿದೆ. ಕನ್ನಂಬಾಡಿ ಕಟ್ಟೆಯ ನೀರನ್ನು ಹೊತ್ತ ವಿಶ್ವೇಶ್ವರಯ್ಯ ನಾಲೆ ಆ ಸೀಮೆಯನ್ನು ಹಸಿರು ಮಾಡಿದೆ. ಒಂದು ಕಾಲಕ್ಕೆ ಇರ್ವಿನ್ ನಾಲೆ ಎಂದು ಹೆಸರಿದ್ದ ಈ ಕಾಲುವೆ ಅನ್ನದಾತನೂ ಹೌದು. ಅದರ ದಂಡೆಯ ರಸ್ತೆಗಳಲ್ಲಿ ಎಚ್ಚರ ತಪ್ಪಿದವರಿಗೆ ಮೃತ್ಯುವೂ ಹೌದು. 2018ರ ನವೆಂಬರ್ 24ರಂದು ಇದೇ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಅಸುನೀಗಿದರು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಅದು ನಡುಹಗಲಿನ ಅವಘಡ. ಹಗಲಿನಲ್ಲಿಯೇ ಹಾಗಾದರೆ ರಾತ್ರಿಯ ಮಾತೇನು ಎಂದುಕೊಳ್ಳುತ್ತ ಆ ನೀರಿಗೆ ಕೈಮುಗಿದು ಮುಂದೆ ಹೋದೆವು.

ಊರು ಇನ್ನೂ ಮೈಲಿದೂರ ಇರುವಾಗ ಮೋಟಾರ್ ಸೈಕಲ್ ಸವಾರನೊಬ್ಬನು ಪಕ್ಕಕ್ಕೆ ಬಂದು ಕೈ ಬೀಸಿದನು. ಹುಡುಗ ಗಾಜು ಇಳಿಸಿದನು. “ಅಣ್ಣೋ, ನೀವು ಬ್ರೇಕ್ ಹಿಡುದ್ರೆ ಹಿಂದೆ ಲೈಟೇ ಬರಾಕಿಲ್ಲ ಕಣಣ್ಣೋ! ಒಸಿ ಹೊತ್ತಿಗೆ ಮುಂಚೆ ನಾನು ಗುದ್ದೇಬಿಡ್ತಿದ್ದೆ” ಎಂದು ಕೂಗಿ ಹೇಳಿ, ನಾವು ಉತ್ತರ ಕೊಡುವುದಕ್ಕೆ ಮುನ್ನವೇ ಹೊರಟುಹೋದನು. ಆತನ ಹೆಸರು ಕೇಳಲಾಗಲಿಲ್ಲ. ಆ ಉಪಕಾರದ ಬೆಲೆ ನಮಗೆ ತಿಳಿದದ್ದು ಅದೇ ದಿನ ರಾತ್ರಿ.

ಬಸ್ ನಿಲ್ದಾಣದ ಬಳಿ ವಾಹನಗಳ ವಿದ್ಯುತ್ ಕೆಲಸ ಮಾಡುವ ಸಣ್ಣ ಅಂಗಡಿಯೊಂದಿತ್ತು. ಆ ಮೇಸ್ತ್ರಿ ಬಲ್ಬುಗಳನ್ನು ಬಿಚ್ಚುವ ಗೋಜಿಗೇ ಹೋಗದೆ, “ಎಡಗಡೆದೂ ಇಲ್ಲ, ಬಲಗಡೆದೂ ಇಲ್ಲ, ಮೇಲೆ ಗಾಜಿನ ಹತ್ರ ಇರೋದೂ ಇಲ್ಲ. ಮೂರೂ ಒಂದೇ ದಿನ ಸಾಯ್ತವಾ ಸ್ವಾಮಿ?” ಎಂದನು. ಎಂತಹ ತರ್ಕ! ಒಂದು ದೀಪ ಹೋದರೆ ದೋಷ ಆ ದೀಪದಲ್ಲಿ. ಎಲ್ಲವೂ ಒಟ್ಟಿಗೆ ಹೋದರೆ ಎಲ್ಲಕ್ಕೂ ಮೂಲವಾದ ಸ್ಥಾನದಲ್ಲಿ. ಆತನು ಮೊದಲು ಫ್ಯೂಸು ನೋಡಿದನು, ಅದು ಸರಿಯಿತ್ತು. ಆಮೇಲೆ ಬ್ರೇಕಿನ ಪೆಡಲಿನ ಬುಡಕ್ಕೆ ಬಗ್ಗಿ ಅಲ್ಲಿರುವ ಪುಟ್ಟ ಸ್ವಿಚ್ಚನ್ನು ಹೊರತೆಗೆದನು. ಕಾಲು ಒತ್ತಿದಾಗ ದೀಪ ಹೊತ್ತಿಸುವುದು ಅದರ ಕೆಲಸ. ಸವೆದುಹೋಗಿದ್ದ ಅದನ್ನು ಬದಲಿಸಿದ ಕೂಡಲೆ ಮೂರು ದೀಪಗಳೂ ಕೆಂಪಗೆ ಉರಿದವು.

ಅದೇ ಸಮಯದಲ್ಲಿ ಇನ್ನೊಂದು ದೋಷ ಸಿಕ್ಕಿತು. ಬಲಗಡೆ ಇಂಡಿಕೇಟರ್ ಹಾಕಿದರೆ ಅದೇ ಬದಿಯ ಹಿಂದೀಪವೂ ಅದರೊಡನೆ ಮಂಕಾಗಿ ಮಿಣುಕುತ್ತಿತ್ತು. ವಿದ್ಯುತ್ತು ದೀಪಕ್ಕೆ ಬಂದಷ್ಟೇ ಸಲೀಸಾಗಿ ಹಿಂದಿರುಗಲೂ ದಾರಿ ಬೇಕು. ಆ ಹಿಂದಿರುಗುವ ದಾರಿಯನ್ನು ಅರ್ತ್ ಎನ್ನುತ್ತಾರೆ. ತಗಡಿಗೆ ತಿರುಪು ಹಾಕಿ ಬಿಗಿದ ಆ ತಂತಿಯ ಬುಡ ತುಕ್ಕು ಹಿಡಿದರೆ ವಿದ್ಯುತ್ತು ಪಕ್ಕದ ದೀಪದ ದಾರಿಯನ್ನು ಹುಡುಕಿಕೊಂಡು ಹೋಗುತ್ತದೆ. ಒಂದನ್ನು ಹಾಕಿದರೆ ಇನ್ನೊಂದು ಮಿಣುಕುತ್ತದೆ. ಉಪ್ಪುಕಾಗದದಿಂದ ತುಕ್ಕು ಉಜ್ಜಿ, ಮತ್ತೆ ಬಿಗಿದು ಗ್ರೀಸು ಸವರಿದನು. ಮನೆಯ ಹಿಂದಿನ ಹೊಲದಿಂದ ಬಂದ ಇಲಿಗಳು ತಂತಿ ಕಡಿಯುವುದೂ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವೆಂದೂ, ಫ್ಯೂಸು ಸುಟ್ಟರೆ ಕಾರಣ ಹುಡುಕದೆ ದಪ್ಪ ಫ್ಯೂಸನ್ನೋ ತಂತಿಯ ತುಂಡನ್ನೋ ಸಿಕ್ಕಿಸುವುದು ಗಾಡಿಗೆ ಬೆಂಕಿ ಇಡುವುದಕ್ಕೆ ಸಮಾನವೆಂದೂ ಹೇಳಿದನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹಿಂದಿನ ಕೆಂಪು ದೀಪ 155 ಮೀಟರು ದೂರಕ್ಕೆ ಕಾಣಬೇಕೆಂದು ವಿಧಿಸಿದೆ. ಆದರೆ ಆ ದೀಪವನ್ನು ಗಾಡಿ ನಡೆಸುವವನು ತಾನು ಕಾಣಲಾರನು. ಬೆನ್ನಿನ ಮೇಲಿನ ಮಚ್ಚೆಯಂತೆ ಅದು ಪರರಿಗೆ ಮಾತ್ರ ಗೋಚರ.

ಪಾಂಡವಪುರದ ಸುತ್ತ ಮೂರು ಮನೆಗಳನ್ನು ಮುಗಿಸುವಷ್ಟರಲ್ಲಿ ಸಂಜೆಯಾಯಿತು. ನಮ್ಮ ಜನರ ಪ್ರೀತಿ ತಮಗೆ ತಿಳಿದದ್ದೇ. ಬರಿಗೈಯಲ್ಲಿ ಯಾರೂ ಕಳುಹಿಸುವುದಿಲ್ಲ. ಒಬ್ಬರು ಮದುವೆಯ ಮನೆಗೆಂದು ಅಕ್ಕಿಯ ಮೂಟೆ ಇಟ್ಟರು, ಮತ್ತೊಬ್ಬರು ನೂರು ತೆಂಗಿನಕಾಯಿ, ಇನ್ನೊಬ್ಬರು ತಮ್ಮ ಆಲೆಮನೆಯ ಅಚ್ಚುಬೆಲ್ಲದ ಪೆಟ್ಟಿಗೆ. ಗಾಡಿಯ ಹಿಂಭಾಗ ತುಂಬಿ ತಗ್ಗಿತು. ಅದರಿಂದ ಏನಾಗುವುದೆಂದು ನಾವಾರೂ ಯೋಚಿಸಲಿಲ್ಲ.

ಚಿನಕುರಳಿ ದಾಟುವಾಗ ಪೂರ್ಣ ಕತ್ತಲು. 1771ರಲ್ಲಿ ಮರಾಠರಿಗೂ ಹೈದರಾಲಿಗೂ ಘೋರ ಯುದ್ಧ ನಡೆದ ಸ್ಥಳವದು. ಕಥೆಯನ್ನು ಮಕ್ಕಳಿಗೆ ಹೇಳಲು ತೊಡಗಿದ್ದೆವು. ಎದುರಿನಿಂದ ಬರುವ ಗಾಡಿಗಳೆಲ್ಲ ನಮ್ಮತ್ತ ದೀಪ ಮಿನುಗಿಸಿ ಸಿಟ್ಟು ತೋರಿಸುತ್ತಿದ್ದವು. “ನಾನು ಡಿಮ್‌ನಲ್ಲೇ ಇದ್ದೀನಿ ದೊಡ್ಡಪ್ಪ, ಇವರಿಗೇನು ಕಷ್ಟ?” ಎಂದು ಹುಡುಗ ಗೊಣಗಿದನು. ಕೊನೆಗೆ ಲಾರಿಯೊಂದು ತನ್ನ ದೀಪವನ್ನು ಪೂರ್ತಿ ಎತ್ತರಿಸಿಯೇ ಬಂದಿತು. ಇವನೂ ಛಲಕ್ಕೆ ಎತ್ತರಿಸಿದನು. ಲಾರಿ ದಾಟಿದ ಮರುಕ್ಷಣ ಕಣ್ಣಿಗೆ ಕತ್ತಲೆಯಲ್ಲದೆ ಬೇರೇನೂ ಇಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತದೆ; ಕಣ್ಣು ಮೂರು ಸೆಕೆಂಡು ಕಳೆದುಕೊಂಡರೆ 50 ಮೀಟರು ಕುರುಡಾಗಿ ಓಡಿದಂತೆ. ಆ ಕುರುಡಿನ ಕೊನೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರಿನ ಟ್ರೈಲರು ಇದ್ದಿತು. ಅದಕ್ಕೆ ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ, ಹೊರಗೆ ಚಾಚಿದ ಕಬ್ಬಿನ ತುದಿಗಳು ಮಾತ್ರ.

ಹುಡುಗ ಎರಡೂ ಕಾಲು ಊರಿ ನಿಂತಂತೆ ಬ್ರೇಕು ಒತ್ತಿದನು. ಮೂಟೆ ಸರಿಯಿತು, ತೆಂಗಿನಕಾಯಿಗಳು ಉರುಳಿದವು, ಮೊಮ್ಮಗಳ ಹಣೆ ಮುಂದಿನ ಆಸನಕ್ಕೆ ತಗುಲಿ ಬೋರೆ ಬಂದಿತು. ಕಬ್ಬಿನ ಗರಿ ಗಾಜನ್ನು ಮುಟ್ಟುವಷ್ಟು ದೂರದಲ್ಲಿ ಗಾಡಿ ನಿಂತಿತು. ಅದೇ ಗಳಿಗೆಯಲ್ಲಿ ಹಿಂದಿನಿಂದ ಟಯರುಗಳು ಕಿರುಗುಟ್ಟಿದ ಸದ್ದು. ಬಸ್ಸೊಂದು ನಮ್ಮಿಂದ ನಾಲ್ಕೈದು ಮಾರು ಹಿಂದೆ ಬಂದು ನಿಂತಿತ್ತು. ಅದರ ಡ್ರೈವರ್ ಇಳಿದು ಬಂದು, “ನಿಮ್ಮ ಬ್ರೇಕ್ ಲೈಟ್ ನೋಡ್ದೆ, ಅದ್ಕೇ ನಿಲ್ಲಿಸ್ದೆ. ಇಲ್ದಿದ್ರೆ ನಿಮ್ಮನ್ನ ಕಬ್ಬಿನೊಳಗೇ ತಳ್ತಿದ್ದೆ” ಎಂದರು. ನಮ್ಮ ಕೈಕಾಲು ತಣ್ಣಗಾದವು. ಬೆಳಿಗ್ಗೆ ಮೋಟಾರ್ ಸೈಕಲ್ಲಿನ ಆ ಅಪರಿಚಿತನು ತನ್ನ ದಾರಿ ತಾನು ಹಿಡಿದುಹೋಗಿದ್ದರೆ ಆ ರಾತ್ರಿ ಏಳು ಜನರ ಗತಿ ಏನಾಗುತ್ತಿತ್ತು? ಟ್ರ್ಯಾಕ್ಟರಿನ ಹುಡುಗ ಹೆದರಿ, “ಟ್ರೈಲರ್ ಬಾಡಿಗೇದು ಸ್ವಾಮಿ, ಅದ್ರಲ್ಲಿ ಲೈಟೇ ಇಲ್ಲ” ಎಂದು ಕೈಮುಗಿದನು. ಅವನ ಮೇಲೆ ಕೋಪಗೊಳ್ಳಲು ಮನಸ್ಸಾಗಲಿಲ್ಲ. ಅವನಿಗೆ ದೀಪವಿರಲಿಲ್ಲ, ನಮಗೆ ಇದ್ದೂ ಕಾಣಲಿಲ್ಲ.

ಅತ್ತಿಕುಪ್ಪೆ ಎಂಬ ಹಳೆಯ ಹೆಸರಿನ ಕೃಷ್ಣರಾಜಪೇಟೆಯನ್ನು ಮೆಲ್ಲಗೆ ತಲುಪಿದೆವು. ಅಲ್ಲಿ ನಮ್ಮ ಸೋದರಮಾವನ ಮಗನ ಮನೆಯಲ್ಲಿ ತಂಗಬೇಕಾಗಿತ್ತು. ಅವರು ಹಿಂದೆ ಲಾರಿ ಇಟ್ಟಿದ್ದವರು, ಈಗ ಅಕ್ಕಿಗಿರಣಿ ನಡೆಸುವವರು. ಮಗುವಿನ ಹಣೆಗೆ ಅರಿಸಿನ ಹಚ್ಚಿಸಿ, ವಿಷಯ ಕೇಳಿ, ಊಟಕ್ಕೂ ಕೂರಿಸದೆ ಗಾಡಿಯನ್ನು ಗಿರಣಿಯ ಅಂಗಳಕ್ಕೆ ತರಿಸಿದರು. ಸುಣ್ಣ ಬಳಿದ ಗೋಡೆಯ ಹತ್ತಿರ ನಿಲ್ಲಿಸಿ, ದೀಪದ ನಡುವಿನ ಎತ್ತರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದರು. ಬಳಿಕ ಸಮತಟ್ಟಾದ ನೆಲದಲ್ಲಿ 10 ಮೀಟರು ಹಿಂದಕ್ಕೆ ತೆಗೆಸಿ, ತಗ್ಗಿಸಿದ ದೀಪ ಹಾಕಿಸಿದರು. ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರು ಕೆಳಗೆ ಬೀಳಬೇಕಂತೆ. ನಮ್ಮದು ಗೆರೆಯನ್ನು ದಾಟಿ ಗೋಡೆಯ ಹೆಂಚಿನವರೆಗೆ ಹರಡಿತ್ತು. “ಭಾವ, ನಿಮ್ಮ ಗಾಡಿ ಮುಂದೆ ನೋಡ್ತಿಲ್ಲ, ಮೇಲೆ ನೋಡ್ತಿದೆ” ಎಂದು ನಕ್ಕರು.

ಕಾರಣ ಎರಡು. ಮೊದಲನೆಯದು ಭಾರ. ಹಿಂದೆ ಮೂಟೆಯೂ ಜನರೂ ತುಂಬಿದಾಗ ಗಾಡಿಯ ಹಿಂಭಾಗ ತಗ್ಗಿ ಮುಂಭಾಗ ಏಳುತ್ತದೆ. ಅದರೊಡನೆ ಬೆಳಕೂ ಏಳುತ್ತದೆ. ಎದುರಿನವರ ಕಣ್ಣಿಗೆ ಅದು ಬಾಣ, ನಮ್ಮ ಮುಂದಿನ ರಸ್ತೆಗೆ ಕತ್ತಲು. ಎತ್ತರದ ಗಾಡಿಗಳಲ್ಲಿ ದೀಪವೂ ಎತ್ತರದಲ್ಲಿರುವುದರಿಂದ ಸಣ್ಣ ಕಾರಿನವರಿಗೂ ದ್ವಿಚಕ್ರದವರಿಗೂ ಇದರ ತೊಂದರೆ ಹೆಚ್ಚು. ಇದಕ್ಕೆಂದೇ ಚಕ್ರದ ಬಳಿ, ಚಾಲಕನ ಮೊಣಕಾಲಿನ ಎತ್ತರದಲ್ಲಿ, 0, 1, 2, 3 ಎಂದು ಬರೆದ ಸಣ್ಣ ತಿರುಗಣಿಯೊಂದು ಅನೇಕ ಗಾಡಿಗಳಲ್ಲಿರುತ್ತದೆ. ಭಾರ ಹೆಚ್ಚಿದಂತೆ ಅಂಕೆಯನ್ನು ಹೆಚ್ಚಿಸಿದರೆ ಬೆಳಕು ತಗ್ಗುತ್ತದೆ. ಗಾಡಿ ಕೊಂಡು ನಾಲ್ಕು ವರ್ಷವಾದರೂ ನಮ್ಮ ಹುಡುಗ ಅದನ್ನು ಮುಟ್ಟಿರಲಿಲ್ಲ. ಅದು ಸೊನ್ನೆಯಲ್ಲಿಯೇ ಇತ್ತು. 3ಕ್ಕೆ ತಿರುಗಿಸಿದೊಡನೆ ಗೋಡೆಯ ಮೇಲಿನ ಬೆಳಕು ವಿಧೇಯ ಶಿಷ್ಯನಂತೆ ಕೆಳಗಿಳಿಯಿತು.

ಎರಡನೆಯದು ಬಲ್ಬು. ಹುಡುಗ ಕೆಲವು ತಿಂಗಳ ಹಿಂದೆ ಹೆಚ್ಚು ಬೆಳಕಿನ ಆಸೆಯಿಂದ ಗಾಡಿಯ ಹ್ಯಾಲೊಜನ್ ಬಲ್ಬುಗಳನ್ನು ತೆಗೆದು ಎಲ್‌ಇಡಿ ಬಲ್ಬುಗಳನ್ನು ಹಾಕಿಸಿದ್ದನು. ಪ್ರತಿಫಲಕದ ತಟ್ಟೆಯನ್ನು ಮಾಡಿರುವುದು ತಂತಿಸುರುಳಿ ಇಂತಹ ಜಾಗದಲ್ಲಿಯೇ ಉರಿಯುವುದೆಂಬ ಲೆಕ್ಕದ ಮೇಲೆ. ಬೆಳಕು ಹೊರಡುವ ಜಾಗ ಕೂದಲಷ್ಟು ಬದಲಾದರೂ ಅದು ಕಂಡಕಂಡಲ್ಲಿ ಚೆಲ್ಲಿಹೋಗುತ್ತದೆ. ತಯಾರಕರೇ ಎಲ್‌ಇಡಿಗೆಂದು ರಚಿಸಿದ ದೀಪದಲ್ಲಿ ಈ ದೋಷವಿಲ್ಲ. ಹಳೆಯ ತಟ್ಟೆಗೆ ಹೊಸ ಬಲ್ಬು ಸಿಕ್ಕಿಸಿದಲ್ಲಿ ಮಾತ್ರ. ಇಂತಹ ಕಣ್ಣು ಕುಕ್ಕುವ ದೀಪಗಳ ವಿರುದ್ಧ ನಮ್ಮ ರಾಜ್ಯದ ಪೊಲೀಸರು 2024ರ ಜುಲೈ ತಿಂಗಳಿನಿಂದ ಮೊಕದ್ದಮೆ ಹೂಡತೊಡಗಿದ್ದನ್ನು ತಾವೂ ಬಲ್ಲಿರಿ. ಹಳೆಯ ಬಲ್ಬುಗಳನ್ನು ಹುಡುಗ ಗಾಡಿಯ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದುದು ನಮ್ಮ ಪುಣ್ಯ. ಗಾಜನ್ನು ಬೆರಳಿನಿಂದ ಮುಟ್ಟಬಾರದೆಂದು ಭಾವನವರು ಬಟ್ಟೆಯಲ್ಲಿ ಹಿಡಿದು ಹಾಕಿದರು. ಕೈಯ ಜಿಡ್ಡು ಅಂಟಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬು ಬೇಗ ಹೋಗುತ್ತದೆಯಂತೆ. 60/55 ವ್ಯಾಟಿನ ಜಾಗಕ್ಕೆ 100/90 ವ್ಯಾಟಿನದನ್ನು ಹಾಕಿ ಹೋಲ್ಡರನ್ನೇ ಕರಗಿಸಿಕೊಂಡವರನ್ನು ತಮ್ಮ ಲಾರಿಯ ಕಾಲದಲ್ಲಿ ಎಷ್ಟೋ ಮಂದಿಯನ್ನು ಕಂಡಿದ್ದರಂತೆ. ಈಗ ಗೋಡೆಯ ಮೇಲೆ ಬೆಳಕಿಗೊಂದು ಅಂಚು ಮೂಡಿತು. ನಾವು ಎಡಬದಿಯಲ್ಲಿ ಹೋಗುವವರಾದ್ದರಿಂದ ಆ ಅಂಚು ಎಡಕ್ಕೆ ಮಾತ್ರ ಸ್ವಲ್ಪ ಏರಿರುತ್ತದೆ. ಹೀಗೆ ದಾರಿಯ ಅಂಚಿನಲ್ಲಿ ನಡೆಯುವವನು ಕಾಣುತ್ತಾನೆ, ಎದುರಿನವನ ಕಣ್ಣಿಗೆ ಬೆಳಕು ಹೋಗುವುದಿಲ್ಲ. ಒಂದು ದೀಪದಲ್ಲಿ ಇಷ್ಟು ವಿವೇಕವನ್ನು ಅಡಗಿಸಿದವರ ಜಾಣ್ಮೆಗೆ ತಲೆದೂಗಿದೆವು.

ಮರುದಿನ ಬೆಳಿಗ್ಗೆ ಗಾಡಿಯನ್ನು ಒಂದು ಗ್ಯಾರೇಜಿನಲ್ಲಿ ಬಿಟ್ಟು ಸಮೀಪದ ಹೊಸಹೊಳಲಿಗೆ ಆಟೋದಲ್ಲಿ ಹೋದೆವು. ಹದಿಮೂರನೆಯ ಶತಮಾನದ ಹೊಯ್ಸಳರ ಲಕ್ಷ್ಮೀನಾರಾಯಣ ದೇವಾಲಯ ಅಲ್ಲಿದೆ. ಮೂರು ಗರ್ಭಗುಡಿಗಳ ತ್ರಿಕೂಟ, ಹೊರಗೋಡೆಯ ಕೆಳಪಟ್ಟಿಕೆಗಳಲ್ಲಿ ಆನೆ ಕುದುರೆಗಳ ಸಾಲು, ರಾಮಾಯಣ ಮಹಾಭಾರತಗಳ ಕಥೆ. ಒಳಗೆ ನಸುಗತ್ತಲೆ. ತಮ್ಮನು ಟಾರ್ಚನ್ನು ಭುವನೇಶ್ವರಿಗೆ ನೇರವಾಗಿ ಹಿಡಿದಾಗ ಕಲ್ಲು ಬಿಳಿಚಿಕೊಂಡು ಕೆತ್ತನೆಯೇ ಕಾಣದಾಯಿತು. ಬದಿಯಿಂದ ಓರೆಯಾಗಿ ಹಿಡಿದಾಗ ದಳದಳವೂ ಎದ್ದು ಬಂದಿತು. ಬೆಳಕು ಹೆಚ್ಚಾದರೆ ಕಾಣುವುದು ಹೆಚ್ಚೆಂಬುದು ಭ್ರಮೆ. ತಕ್ಕ ಕಡೆಯಿಂದ ತಕ್ಕಷ್ಟು ಬರಬೇಕು.

ಹಿಂದಿರುಗುವಷ್ಟರಲ್ಲಿ ಗಾಡಿಯ ಹೆಡ್‌ಲೈಟಿನ ಗಾಜುಗಳು ಹೊಸದಾಗಿದ್ದವು. ಗಾಜೆಂದು ನಾವು ಕರೆಯುವ ಅದು ನಿಜವಾಗಿ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಬಿಸಿಲಿನಲ್ಲಿ ನಿಂತು ನಿಂತು ಅದರ ಮೇಲಿನ ರಕ್ಷಣೆಯ ಲೇಪ ಸವೆದು ಹಳದಿಯಾಗಿ ಮಂಜು ಕವಿಯುತ್ತದೆ. ನಯವಾದ ನೀರುಕಾಗದದಿಂದ ಹಂತಹಂತವಾಗಿ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಬಿಸಿಲು ತಡೆಯುವ ಲೇಪವನ್ನು ಮತ್ತೆ ಕೊಡಬೇಕು. ಹಲ್ಲುಪುಡಿಯ ಪೇಸ್ಟಿನಿಂದ ಉಜ್ಜಿದರೂ ತತ್ಕಾಲಕ್ಕೆ ಹೊಳೆಯುತ್ತದೆ. ಲೇಪವಿಲ್ಲದ್ದರಿಂದ ಬಹುಬೇಗ ಮತ್ತೆ ಮಸುಕಾಗುತ್ತದೆ. ನೆರಳಿನಲ್ಲಿ ನಿಲ್ಲಿಸುವುದೇ ಉತ್ತಮವಾದ ಔಷಧ.

ಮಧ್ಯಾಹ್ನ ನಾಗಮಂಗಲದ ದಾರಿಯಲ್ಲಿ ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದಾಗ ಒಳಗಿನ ಟಿಕ್ ಟಿಕ್ ಶಬ್ದ ದುಪ್ಪಟ್ಟು ವೇಗವಾಗಿ ಬಂದಿತು. ಈ ಬಾರಿ ಹುಡುಗನೇ, “ಯಾವುದೋ ಒಂದು ಬಲ್ಬ್ ಹೋಗಿದೆ ದೊಡ್ಡಪ್ಪ, ಅದನ್ನು ಹೇಳ್ತಿದೆ” ಎಂದನು. ಹಿಂದಿನ ಎಡಗಡೆಯದು ಸುಟ್ಟಿತ್ತು. ಊರು ಸೇರಿದ ಮೇಲೆ ಅಂಗಡಿಯಿಂದ ತಂದು ತಾನೇ ಬದಲಿಸಿದನು. ಸಂಖ್ಯಾಫಲಕದ ಮೇಲಿನ ಪುಟ್ಟ ದೀಪವೂ ಉರಿಯುತ್ತಿರಲಿಲ್ಲ, ಅದನ್ನೂ ಸರಿಮಾಡಿದನು. ಅದೇ ಅಂಗಡಿಯಲ್ಲಿ ಕೆಂಪಗೆ ಹೊಳೆಯುವ ರಿಫ್ಲೆಕ್ಟರ್ ಪಟ್ಟಿಯ ಎರಡು ಸುರುಳಿಗಳನ್ನೂ ಕೊಂಡನು. ಏಕೆಂದು ನಾವು ಕೇಳಲಿಲ್ಲ.

ನಾಗಮಂಗಲದಲ್ಲಿ ಸೌಮ್ಯಕೇಶವ ದೇವಾಲಯವನ್ನು ಕಂಡೆವು. ಆ ಊರು ಹಿತ್ತಾಳೆ, ಪಂಚಲೋಹದ ಎರಕಕ್ಕೆ ತಲೆಮಾರುಗಳಿಂದ ಹೆಸರಾದುದು. ಮದುಮಗಳಿಗೆಂದು ನಮ್ಮ ಮನೆಯವರು ಅಲ್ಲಿ ಒಂದು ಜೊತೆ ದೀಪದ ಕಂಬಗಳನ್ನು ಆರಿಸಿದರು. ಕೊನೆಯ ಮನೆಯಲ್ಲಿ ಪತ್ರಿಕೆ ಕೊಟ್ಟು, ಅಲ್ಲಿಯೂ ಕೊಟ್ಟ ಎಳನೀರಿನ ಗೊನೆಯನ್ನು ಹೇರಿಕೊಂಡು ಹೊರಡುವಾಗ ಏಳು ಗಂಟೆ. ಹೊರಡುವುದಕ್ಕೆ ಮುನ್ನ ಹುಡುಗ ದೀಪಗಳನ್ನೆಲ್ಲ ಹಾಕಿದನು. ಮೊಮ್ಮಕ್ಕಳು ಗಾಡಿಯನ್ನು ಒಂದು ಸುತ್ತು ಬಂದು, “ಇದು ಹತ್ತಿದೆ, ಇದೂ ಹತ್ತಿದೆ” ಎಂದು ಎಣಿಸಿದರು. ಅವನು ತಿರುಗಣಿಯನ್ನು 3ಕ್ಕೆ ತಿರುಗಿಸಿದನು.

ಜಕ್ಕನಹಳ್ಳಿಯ ಮಾರ್ಗವಾಗಿ ಪಾಂಡವಪುರದ ಕಡೆಗೆ ಬಂದೆವು. ಹಿಂದಿನ ರಾತ್ರಿಗಿಂತ ಬೆಳಕು ಕಡಮೆಯೆಂದು ಮೊದಲು ಅನಿಸಿತು. ಸ್ವಲ್ಪ ಹೊತ್ತಿನಲ್ಲಿಯೇ ರಸ್ತೆಯ ಗುಂಡಿ, ಅಂಚಿನ ಕಲ್ಲು, ನಡೆದು ಹೋಗುವ ಮುದುಕ, ಎಲ್ಲವೂ ಸ್ಪಷ್ಟವಾಗಿ ಕಾಣತೊಡಗಿದವು. ಎದುರಿಗೆ ಬಂದ ಒಂದು ಗಾಡಿಯೂ ನಮ್ಮ ಮೇಲೆ ಸಿಟ್ಟಾಗಲಿಲ್ಲ. ಜಕ್ಕನಹಳ್ಳಿ ದಾಟಿದ ಮೇಲೆ ಕಬ್ಬು ಹೇರಿದ ಎತ್ತಿನ ಗಾಡಿಯೊಂದು ಕತ್ತಲಲ್ಲಿ ಹೋಗುತ್ತಿತ್ತು. ಈ ಬಾರಿ ಅದು ದೂರದಿಂದಲೇ ಕಂಡಿತು. ಹುಡುಗ ಮುಂದೆ ಹೋಗಿ ನಿಲ್ಲಿಸಿ, ಗಾಡಿಯವನನ್ನು ಮಾತನಾಡಿಸಿ, ಹಿಂದಿನ ಮರದ ಪಟ್ಟಿಗೂ ನೊಗದ ಎರಡು ತುದಿಗೂ ಆ ಕೆಂಪು ಪಟ್ಟಿಯನ್ನು ಅಂಟಿಸಿದನು. ಉಳಿದ ಸುರುಳಿಯನ್ನು ಅವನ ಕೈಯಲ್ಲಿಯೇ ಇಟ್ಟು, “ನಿಮ್ಮೂರಿನ ಬೇರೆ ಗಾಡಿಗಳಿಗೂ ಹಾಕಿಸಿ ಅಣ್ಣ” ಎಂದನು. ಹಿಂದಿನ ರಾತ್ರಿ ಲಾರಿಯ ಮೇಲೆ ಛಲ ಸಾಧಿಸಿದವನು ಇವನೇ ಎಂದು ನಂಬುವುದು ಕಷ್ಟವಾಯಿತು. ರಾತ್ರಿ ಹತ್ತಕ್ಕೆ ಮೈಸೂರು ಸೇರಿದೆವು.

ವಾಚಕರೇ, ಮನೆಯೊಳಗಿನ ದೀಪ ನಮ್ಮ ಕಣ್ಣಿಗಾಗಿ ಇರುವುದು. ಗಾಡಿಯ ಹೊರಗಿನ ದೀಪಗಳಲ್ಲಿ ಹೆಚ್ಚಿನವು ಪರರ ಕಣ್ಣಿಗಾಗಿ ಇರುವವು. ಅವು ಕೆಟ್ಟರೆ ನಮಗೆ ತಿಳಿಯುವುದಿಲ್ಲ, ಮತ್ತೊಬ್ಬರು ಹೇಳಬೇಕು. ಆದಕಾರಣ ತಮ್ಮಲ್ಲಿ ಎರಡು ಬಿನ್ನಹ. ಕುಟುಂಬಸಮೇತ ಹೊರಡುವಾಗ ಹಗಲೇ ಇರಲಿ, ದೀಪಗಳನ್ನು ಹಾಕಿ ಗಾಡಿಯನ್ನು ಒಂದು ಸುತ್ತು ಬನ್ನಿರಿ. ಒಬ್ಬರು ಬ್ರೇಕು ಒತ್ತಲಿ, ಒಬ್ಬರು ಹಿಂದೆ ನಿಂತು ನೋಡಲಿ. ಗಾಜನ್ನು ಒರೆಸಿರಿ, ಭಾರಕ್ಕೆ ತಕ್ಕಂತೆ ಬೆಳಕನ್ನು ತಗ್ಗಿಸಿರಿ. ಇದಕ್ಕೆ ಐದು ನಿಮಿಷವೂ ಬೇಡ. ದಾರಿಯಲ್ಲಿ ಪರರ ಗಾಡಿಯ ದೀಪ ಕೆಟ್ಟಿರುವುದು ಕಂಡರೆ ನಮಗೇಕೆಂದು ಸುಮ್ಮನೆ ಹೋಗದೆ ಕೂಗಿ ಹೇಳಿರಿ. ಹೇಳಿದವರನ್ನು ಬಯ್ಯದೆ ನಿಲ್ಲಿಸಿ ನೋಡಿರಿ.

ಮದುವೆ ಸಾಂಗವಾಗಿ ನಡೆಯಿತು. ಪಾಂಡವಪುರದ ದಾರಿಯಲ್ಲಿ ಕೈ ಬೀಸಿದ ಆ ಸವಾರನಿಗೂ ಒಂದು ಪತ್ರಿಕೆ ಕೊಡಬೇಕಾಗಿತ್ತು. ಅವನ ಊರು ಹೆಸರು ತಿಳಿಯದೆ ಉಳಿದ ಆ ಒಂದು ಪತ್ರಿಕೆ ಇಂದಿಗೂ ನಮ್ಮ ಪುಸ್ತಕಗಳ ನಡುವೆ ಇದೆ.